ಸೀಮೆಸುಣ್ಣದ ಗುಡ್ಡದಲ್ಲಿ ಮೂರು ದ್ರಾಕ್ಷಿ

ಇಂಗ್ಲೆಂಡಿನ ವೈನ್ ಅಂದರೆ ಈಗ ಎಲ್ಲರ ಬಾಯಲ್ಲೂ ನೊರೆಯೇಳುವ ಸ್ಪಾರ್ಕ್ಲಿಂಗ್ ವೈನಿನ ಮಾತೇ. ಶಾಂಪೇನ್‌ನವರ ಎದುರು ಪದಕ ಗೆಲ್ಲುತ್ತಿದೆ, ಶಾಂಪೇನ್ ತಯಾರಿಸುವ ಫ್ರಾನ್ಸಿನ ತೈತಾಂಜೆ ಮನೆತನದವರೇ 2015ರಲ್ಲಿ ಕೆಂಟ್‌ನಲ್ಲಿ ಜಮೀನು ಕೊಂಡರು, ಪತ್ರಿಕೆಗಳು ವರ್ಷವಿಡೀ ಅದನ್ನೇ ಬರೆಯುತ್ತವೆ. ಇದೆಲ್ಲ ನಿಜ, ಸಂತೋಷದ ವಿಷಯವೂ ಹೌದು. ಆದರೆ ಈ ದೇಶದ ಮಣ್ಣು, ಮಳೆ, ಚಳಿ ಏನೆಂದು ನನಗೆ ತಿಳಿಸಿಕೊಟ್ಟದ್ದು ಆ ನೊರೆಯ ವೈನ್ ಅಲ್ಲ. ಎರಡು ಮೂರು ತಳಿಯ ದ್ರಾಕ್ಷಿಯನ್ನು ಬೆರೆಸಿ ಮಾಡುವ, ಗುಳ್ಳೆಯಿಲ್ಲದ, ಮೂಗಿಗೆ ಹತ್ತಿರ ತಂದ ಕೂಡಲೇ ಬೇಲಿಯ ಹೂವಿನ ಘಮ ಬರುವ ಸಾದಾ ಬಿಳಿ ವೈನ್. ಇಂಥ ಬ್ಲೆಂಡ್‌ಗಳ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಅದಕ್ಕೇ ನಾನು ಬರೆಯಬೇಕೆನಿಸಿತು.

ವೈನ್ ಕುಡಿಯದವರೂ ಮುಂದೆ ಓದಬಹುದು. ಇದು ಅರ್ಧಕ್ಕಿಂತ ಹೆಚ್ಚು ಬೇಸಾಯದ ವಿಚಾರವೇ.

ನಾನು ಚೆನ್ನಾಗಿ ಬಲ್ಲ ಒಂದನ್ನೇ ಹಿಡಿದು ಹೇಳುತ್ತೇನೆ. ಲಂಡನ್ನಿನ ದಕ್ಷಿಣಕ್ಕೆ ಸರ್ರೆ ಕೌಂಟಿಯಲ್ಲಿ ಡಾರ್ಕಿಂಗ್ ಎಂಬ ಊರಿದೆ. ಅದರ ಪಕ್ಕದಲ್ಲೇ ಡೆನ್‌ಬೀಸ್ ದ್ರಾಕ್ಷಿತೋಟ. ಸುಮಾರು 265 ಎಕರೆ, ಒಂದೇ ಮಾಲೀಕತ್ವದ ತೋಟಗಳ ಪೈಕಿ ಬ್ರಿಟನ್ನಿನ ಅತಿ ದೊಡ್ಡವುಗಳಲ್ಲಿ ಒಂದು. ಅಲ್ಲಿ ಮಾಡುವ ಹಲವು ವೈನ್‌ಗಳಲ್ಲಿ ಸರ್ರೆ ಗೋಲ್ಡ್ ಅನ್ನುವುದೊಂದು. ಮ್ಯುಲರ್-ಥುರ್ಗಾವ್, ಓರ್ಟೇಗಾ, ಬ್ಯಾಕಸ್ ಈ ಮೂರು ದ್ರಾಕ್ಷಿಗಳ ಮಿಶ್ರಣ. ತುಸುವೇ ಸಿಹಿ, ಒಳ್ಳೆಯ ಹುಳಿ, ಮೇಲೆ ಧಾರಾಳವಾದ ಪರಿಮಳ. ವೈನ್ ಪಂಡಿತರು ಇದನ್ನು ಗಂಟೆಗಟ್ಟಲೆ ವಿಮರ್ಶಿಸುವುದಿಲ್ಲ. ಸಂಜೆ ಹೊತ್ತು ತೋಟದ ಬೆಂಚಿನ ಮೇಲೆ ಕೂತು ಮಾತಾಡುತ್ತ ಮುಗಿಸುವ ಬಾಟಲಿ ಇದು.

ಡಾರ್ಕಿಂಗ್‌ನ ಉತ್ತರಕ್ಕೆ ನಾರ್ತ್ ಡೌನ್ಸ್ ಎಂಬ ಉದ್ದನೆಯ ದಿಬ್ಬಸಾಲು. ಅಗೆದರೆ ಒಳಗೆಲ್ಲ ಸೀಮೆಸುಣ್ಣ. ಹೊಸದಾಗಿ ಉತ್ತ ಜಾಗದಲ್ಲಿ ನೆಲ ಬೆಳ್ಳಗೆ ಕಾಣುತ್ತದೆ, ಮಳೆ ಬಂದ ಮರುದಿನ ನಡೆದರೆ ಬೂಟಿಗೆ ಬಿಳಿ ಮೆತ್ತಿಕೊಳ್ಳುತ್ತದೆ. ಈ ಪದರ ಇಂಗ್ಲಿಷ್ ಕಾಲುವೆಯ ಅಡಿಯಿಂದ ಹಾದು ಫ್ರಾನ್ಸಿನ ಕಡೆ ಮತ್ತೆ ಮೇಲೇಳುತ್ತದೆ. ಏಡ್ರಿಯನ್ ವೈಟ್ ಈ ಎಸ್ಟೇಟನ್ನು ಕೊಂಡ ಮೇಲೆ ಇಲ್ಲಿ ಏನು ಬೆಳೆಯುವುದೆಂಬ ಪ್ರಶ್ನೆ ಎದ್ದಾಗ, ಇದು ಶಾಂಪೇನ್ ಪ್ರಾಂತದ ನೆಲದಂತೆಯೇ ಇದೆ, ದ್ರಾಕ್ಷಿ ಹಾಕಿ ನೋಡಿ ಎಂದವರು ಡಾರ್ಕಿಂಗ್‌ನವರೇ ಆದ ಭೂವಿಜ್ಞಾನಿ, ಇಂಪೀರಿಯಲ್ ಕಾಲೇಜಿನ ಪ್ರೊಫೆಸರ್ ರಿಚರ್ಡ್ ಸೆಲ್ಲಿ. 1986ರಲ್ಲಿ ಮೊದಲ ಬಳ್ಳಿಗಳನ್ನು ನೆಟ್ಟರು. ಸೀಮೆಸುಣ್ಣದ ಗುಣ ದ್ರಾಕ್ಷಿಗೆ ಹೇಳಿ ಮಾಡಿಸಿದ್ದು. ಹೆಚ್ಚಾದ ನೀರನ್ನು ನಿಲ್ಲಗೊಡದೆ ಬಸಿದುಬಿಡುತ್ತದೆ, ಆದರೂ ಒಡಲಲ್ಲಿ ತೇವ ಹಿಡಿದಿಟ್ಟುಕೊಂಡು ಬೇಸಿಗೆಯಲ್ಲಿ ಬೇರಿಗೆ ಕೊಡುತ್ತದೆ. ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಇರುವಷ್ಟು ಬಿಸಿಲೂ ಬಳ್ಳಿಯ ಮೇಲೇ ಬೀಳುತ್ತದೆ. 51 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಈ ಎರಡೂ ಇಲ್ಲದಿದ್ದರೆ ದ್ರಾಕ್ಷಿಯ ಆಸೆ ಬಿಡುವುದೇ ಒಳ್ಳೆಯದು.

ತೋಟದೊಳಗೆ ಸಾರ್ವಜನಿಕರು ನಡೆಯಬಹುದಾದ ಕಾಲುದಾರಿಗಳಿವೆ. ಎದುರಿಗೆ ಬಾಕ್ಸ್ ಹಿಲ್, ಕೆಳಗೆ ಮೋಲ್ ನದಿಯ ಕಣಿವೆ. ಊರಿಂದ ಬಂದವರನ್ನೆಲ್ಲ ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಹಾಗೆ ಬಂದವರಲ್ಲಿ ನಮ್ಮ ಚಿಕ್ಕಪ್ಪನೂ ಒಬ್ಬರು. ಚಿಕ್ಕಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿ ಬೆಳೆದು ಜೀವನ ಮಾಡಿದವರು. ವೈನ್ ಮುಟ್ಟುವವರಲ್ಲ. ಸೆಪ್ಟೆಂಬರ್ ಕೊನೆಯ ಒಂದು ಮಧ್ಯಾಹ್ನ ಸಾಲುಗಳ ನಡುವೆ ನಿಂತು ಎಲೆ ತಿರುವಿ ನೋಡಿದರು, ಗೊಂಚಲು ಎತ್ತಿ ಮೂಸಿದರು.

"ಏನಪ್ಪಾ ಇದು, ಚಪ್ಪರಾನೇ ಇಲ್ವಲ್ಲ! ಬೇಲಿ ಕಟ್ಟಿದ ಹಂಗೆ ಕಟ್ಟವ್ರೆ."

ನಮ್ಮಲ್ಲಿ ಕಲ್ಲುಕಂಬ ನಿಲ್ಲಿಸಿ, ತಲೆಯ ಮೇಲೆ ತಂತಿ ಹೆಣೆದು ಚಪ್ಪರ ಹಬ್ಬಿಸುತ್ತಾರೆ. ಎಲೆಗಳೆಲ್ಲ ಮೇಲೆ, ಗೊಂಚಲುಗಳು ಕೆಳಗೆ ನೆರಳಲ್ಲಿ. ಬಿಸಿಲು ನೇರವಾಗಿ ಬಿದ್ದರೆ ಹಣ್ಣು ಬೆಂದುಹೋಗುತ್ತದೆ. ಇಲ್ಲಿ ಅದರ ತದ್ವಿರುದ್ಧ. ನೆಲಕ್ಕೆ ಹತ್ತಿರದ ತಂತಿಗೆ ಒಂದೆರಡು ಕಡ್ಡಿಗಳನ್ನು ಬಾಗಿಸಿ ಕಟ್ಟಿ, ಚಿಗುರನ್ನೆಲ್ಲ ನೆಟ್ಟಗೆ ಮೇಲಕ್ಕೆ ಬೆಳೆಯಬಿಟ್ಟು, ಗೊಂಚಲಿನ ಸುತ್ತಲಿನ ಎಲೆಗಳನ್ನು ಕಿತ್ತೂ ಹಾಕುತ್ತಾರೆ. ಬಿಸಿಲು ತಾಗಲಿ, ಗಾಳಿಯಾಡಲಿ, ಮಂಜಿನ ತೇವ ಬೇಗ ಒಣಗಲಿ ಎಂದು. ಚಿಕ್ಕಪ್ಪ ಎಲೆ ಕಿತ್ತ ಜಾಗಗಳನ್ನು ಬೆರಳಲ್ಲಿ ಮುಟ್ಟಿ ನೋಡಿ ತಲೆಯಾಡಿಸಿದರು. ಬೆಂಗಳೂರು ಬ್ಲೂ ವರ್ಷಕ್ಕೆ ಎರಡು ಫಸಲು ಕೊಡುವ ಬಳ್ಳಿ. ಇಲ್ಲಿ ನವೆಂಬರ್‌ನಲ್ಲಿ ಎಲೆ ಉದುರಿಸಿ ಮಲಗಿದ ಬಳ್ಳಿ ಏಳುವುದು ಏಪ್ರಿಲ್‌ಗೆ, ಹೂಬಿಡುವುದು ಜೂನ್ ಕೊನೆ ಜುಲೈ ಮೊದಲ ವಾರಕ್ಕೆ, ಅಲ್ಲಿಂದ ಸುಮಾರು ನೂರು ದಿನಕ್ಕೆ ಕಟಾವು. ವರ್ಷಕ್ಕೆ ಒಂದೇ ಅವಕಾಶ. ಅದು ತಪ್ಪಿದರೆ ಮುಂದಿನ ವರ್ಷವೇ.

ಸಾಲಿನ ತುದಿಗಳಲ್ಲಿ ಬೇರೆ ಬೇರೆ ತಳಿಯ ಹೆಸರು ಓದಿ ಹೇಳಿದಾಗ, ಒಂದೇ ಗುಡ್ಡದಲ್ಲಿ ಇಷ್ಟು ತಳಿ ಯಾಕೆ ಎಂದು ಅವರು ಕೇಳಿದರು. ಒಂದು ಕೈಕೊಟ್ಟರೆ ಇನ್ನೊಂದು ಇರಲಿ ಅಂತ, ಆಮೇಲೆ ಬೆರೆಸುತ್ತಾರೆ ಅಂದೆ.

"ಓ, ಅಕ್ಕಡಿ ಹಾಕ್ದಂಗೆ ಅನ್ನು," ಅಂದರು.

ರಾಗಿ ಹೊಲದಲ್ಲಿ ಅವರೆ, ತೊಗರಿ, ಹುಚ್ಚೆಳ್ಳಿನ ಅಕ್ಕಡಿ ಸಾಲು ಇಡುವುದು ಹಳೆ ಮೈಸೂರು ಸೀಮೆಯ ಬೇಸಾಯಗಾರರಿಗೆ ಗೊತ್ತು. ಮಳೆ ಬೇಗ ನಿಂತರೆ ಒಂದು ಉಳಿಯುತ್ತದೆ, ತಡವಾಗಿ ಬಂದರೆ ಇನ್ನೊಂದು. ಯಾವ ವರ್ಷವೂ ಕಣ ಪೂರ್ತಿ ಬರಿದಾಗುವುದಿಲ್ಲ. ಇಂಗ್ಲೆಂಡಿನ ಬಿಳಿ ವೈನಿನ ಬಗ್ಗೆ ನಾನು ಓದಿದ ಎಲ್ಲ ಬರಹಗಳಿಗಿಂತ ಆ ಒಂದು ಮಾತು ನನಗೆ ಹೆಚ್ಚು ತಿಳಿಸಿತು. ಈ ಮಿಶ್ರಣವನ್ನು ಉಳಿದುಬಳಿದ ರಸ ಸುರಿದು ಮಾಡಿದ್ದೆಂದು ಹಗುರವಾಗಿ ನೋಡುವವರಿದ್ದಾರೆ. ಅದು ಹಾಗಲ್ಲ. ನಂಬಲಾಗದ ಆಕಾಶದ ಕೆಳಗೆ ರೈತನೊಬ್ಬ ಯೋಚಿಸಿ ಹೂಡಿದ ಬೆಳೆಪದ್ಧತಿಯೇ ಬಾಟಲಿಗೆ ಇಳಿದಿದೆ.

ಆಕಾಶ ಎಷ್ಟು ನಂಬಲಾಗದ್ದೆಂದರೆ, 2012ರಲ್ಲಿ ಬೇಸಿಗೆಯೆಲ್ಲ ಮಳೆ ಸುರಿದು ಹಣ್ಣು ಹದಕ್ಕೆ ಬರಲಿಲ್ಲ. ಹೆಸರಾಂತ ನೈಟಿಂಬರ್ ಸಂಸ್ಥೆ ಆ ವರ್ಷ ವೈನನ್ನೇ ಮಾಡಲಿಲ್ಲ. 2017ರ ಏಪ್ರಿಲ್ ಕೊನೆಯಲ್ಲಿ ಚಿಗುರು ಬಂದಾದ ಮೇಲೆ ಇಬ್ಬನಿ ಹೆಪ್ಪುಗಟ್ಟಿ ಎಷ್ಟೋ ತೋಟಗಳ ಎಳೆಮೊಗ್ಗು ಒಂದೇ ರಾತ್ರಿಗೆ ಕಪ್ಪಾಯಿತು. ಇಂಥ ರಾತ್ರಿಗಳಲ್ಲಿ ಸಾಲುಗಳ ನಡುವೆ ಮೇಣದ ಡಬ್ಬಿಗಳನ್ನು ನೂರಾರು ಸಂಖ್ಯೆಯಲ್ಲಿ ಹಚ್ಚಿಟ್ಟು, ಗಾಳಿಯನ್ನು ಒಂದೆರಡು ಡಿಗ್ರಿಯಷ್ಟಾದರೂ ಬೆಚ್ಚಗಿಡಲು ಜನ ಬೆಳಗಿನವರೆಗೆ ಓಡಾಡುತ್ತಾರೆ. ಮರುವರ್ಷ 2018ರಲ್ಲಿ ಬಿಸಿಲೋ ಬಿಸಿಲು, ಅಲ್ಲಿಯವರೆಗೆ ಕಂಡರಿಯದ ಫಸಲು. 2023ರಲ್ಲಿ ಅದನ್ನೂ ಮೀರಿ ಇಡೀ ದೇಶದ ಉತ್ಪಾದನೆ 2 ಕೋಟಿ ಬಾಟಲಿ ಮುಟ್ಟಿತು, 2024ರಲ್ಲಿ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎಂಬ ನಮ್ಮ ಗಾದೆಯನ್ನು ಇಲ್ಲಿನ ದ್ರಾಕ್ಷಿ ಬೆಳೆಗಾರರ ಮುಂದೆ ಹೇಳಲಾಗದು. ಹೂಬಿಡುವಾಗ ಮಳೆ ಬಂದರೆ ಕಾಯಿ ಕಚ್ಚುವುದಿಲ್ಲ, ಕಟಾವಿನ ಹೊತ್ತಿಗೆ ಬಂದರೆ ಹಣ್ಣು ಕೊಳೆಯುತ್ತದೆ.

ಈ ಮೂರು ದ್ರಾಕ್ಷಿಗಳ ಹುಟ್ಟು ತಿಳಿದರೆ ಮಿಶ್ರಣದ ಜಾಣತನ ಇನ್ನೂ ಸ್ಪಷ್ಟವಾಗುತ್ತದೆ. ಮೂರೂ ಪ್ರಯೋಗಾಲಯದಲ್ಲಿ ಹುಟ್ಟಿದವು, ಮೂರೂ ಜರ್ಮನಿಯವು, ಮತ್ತು ಮೂರೂ ಒಂದೇ ಮನೆತನದವು.

ಹಿರಿಯದು ಮ್ಯುಲರ್-ಥುರ್ಗಾವ್. ಸ್ವಿಟ್ಜರ್ಲೆಂಡಿನ ಥುರ್ಗಾವ್ ಪ್ರಾಂತದ ಹರ್ಮನ್ ಮ್ಯುಲರ್ ಎಂಬ ಸಸ್ಯವಿಜ್ಞಾನಿ 1882ರಲ್ಲಿ ಜರ್ಮನಿಯ ಗೈಸೆನ್‌ಹೈಮ್ ಸಂಸ್ಥೆಯಲ್ಲಿ ಮಾಡಿದ ಅಡ್ಡತಳಿ. ರೀಸ್ಲಿಂಗ್ ದ್ರಾಕ್ಷಿಯ ಸೊಗಸೂ ಬೇಕು, ಬೇಗ ಹಣ್ಣಾಗುವ ಗುಣವೂ ಬೇಕು ಎಂಬುದು ಅವರ ಆಸೆ. ರೀಸ್ಲಿಂಗ್ ಜೊತೆ ಸಿಲ್ವಾನರ್ ಕೂಡಿಸಿದ್ದೆಂದು ದಶಕಗಳ ಕಾಲ ಎಲ್ಲರೂ ನಂಬಿದ್ದರು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಇನ್ನೊಂದು ಪಾಲು ಮ್ಯಾಡಲೀನ್ ರಾಯಲ್ ಎಂಬ ತಿನ್ನುವ ದ್ರಾಕ್ಷಿಯದೆಂದು ಗೊತ್ತಾಯಿತು. ಎರಡನೆಯದು ಬ್ಯಾಕಸ್. 1933ರಲ್ಲಿ ಗೈಲ್‌ವೈಲರ್‌ಹೋಫ್ ಸಂಸ್ಥೆಯಲ್ಲಿ ಪೀಟರ್ ಮೋರಿಯೋ ಮತ್ತು ಬರ್ನ್‌ಹಾರ್ಡ್ ಹುಸ್‌ಫೆಲ್ಡ್ ಸಿಲ್ವಾನರ್-ರೀಸ್ಲಿಂಗ್ ಸಂತಾನಕ್ಕೆ ಮ್ಯುಲರ್-ಥುರ್ಗಾವನ್ನು ಕೂಡಿಸಿ ಪಡೆದದ್ದು. ಮೂರನೆಯದು ಓರ್ಟೇಗಾ. 1948ರಲ್ಲಿ ಹಾನ್ಸ್ ಬ್ರೈಡರ್ ಅವರು ಮ್ಯುಲರ್-ಥುರ್ಗಾವ್ ಜೊತೆ ಸೀಗರ್‌ರೇಬೆ ಕೂಡಿಸಿ ಮಾಡಿ, ಸ್ಪೇನಿನ ತತ್ತ್ವಜ್ಞಾನಿ ಹೋಸೆ ಓರ್ಟೇಗಾ ಇ ಗಾಸೆಟ್ ಅವರ ಹೆಸರಿಟ್ಟರು. ಸೀಗರ್‌ರೇಬೆಯ ಒಂದು ಕಡೆ ಗುಲಾಬಿ, ಲಿಚಿ ಹಣ್ಣಿನ ಘಮಕ್ಕೆ ಹೆಸರಾದ ಗೆವುರ್ಟ್ಸ್‌ಟ್ರಾಮಿನರ್ ಇದೆ. ಹೀಗಾಗಿ ಸರ್ರೆ ಗೋಲ್ಡ್ ಬಾಟಲಿಯೊಳಗೆ ಇರುವುದು ಒಬ್ಬ ಹಿರಿಯ, ಇಬ್ಬರು ಮಕ್ಕಳು.

ಮನೆತನ ಒಂದೇ ಆದರೂ ಸ್ವಭಾವ ಬೇರೆ. ಓರ್ಟೇಗಾ ಬೇಗ ಹಣ್ಣಾಗುತ್ತದೆ, ತಂಪು ವರ್ಷದಲ್ಲೂ ಸಕ್ಕರೆ ತುಂಬಿಕೊಳ್ಳುತ್ತದೆ. ಆದರೆ ಹೂಬಿಡುವಾಗ ಚಳಿಯಾದರೆ ಗೊಂಚಲಿನಲ್ಲಿ ಕಾಳು ಕಟ್ಟುವುದೇ ಇಲ್ಲ. ಮ್ಯುಲರ್-ಥುರ್ಗಾವ್ ಧಾರಾಳವಾಗಿ ಕಾಯಿ ಬಿಡುತ್ತದೆ, ಸಿಪ್ಪೆ ತೆಳು, ತೇವದ ಶರತ್ಕಾಲದಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ಬ್ಯಾಕಸ್ ಇನ್ನೂ ಕೆಲದಿನ ಬಳ್ಳಿಯ ಮೇಲಿರಬೇಕು, ಅದನ್ನು ಕಾಯ್ದರೆ ಕೊಡುವ ಪರಿಮಳಕ್ಕೆ ಸಾಟಿಯಿಲ್ಲ. ಒಂದರಿಂದ ಮೈ, ಒಂದರಿಂದ ಪ್ರಮಾಣ, ಒಂದರಿಂದ ಮೂಗು. ಯಾವ ವರ್ಷ ಯಾವುದು ಸೋಲುತ್ತದೋ ಅದರ ಪಾಲು ಕಡಿಮೆಯಾಗುತ್ತದೆ, ವೈನ್ ಮಾತ್ರ ನಿಲ್ಲುವುದಿಲ್ಲ.

ಈ ಜರ್ಮನ್ ತಳಿಗಳು ಇಲ್ಲಿಗೆ ಬಂದ ಬಗೆಗೂ ಸರ್ರೆಗೂ ನಂಟಿದೆ. ಡಾರ್ಕಿಂಗ್‌ನ ಪೂರ್ವಕ್ಕೆ, ಅದೇ ದಿಬ್ಬಸಾಲಿನ ಆಕ್ಸ್‌ಟೆಡ್ ಎಂಬಲ್ಲಿ ರೇ ಬ್ಯಾರಿಂಗ್ಟನ್ ಬ್ರಾಕ್ ಎಂಬ ರಸಾಯನಶಾಸ್ತ್ರಜ್ಞ ಎರಡನೇ ಮಹಾಯುದ್ಧ ಮುಗಿದ ಹೊತ್ತಿಗೆ ತನ್ನ ಸ್ವಂತ ಖರ್ಚಿನಲ್ಲಿ ದ್ರಾಕ್ಷಿ ಪ್ರಯೋಗ ಶುರುಮಾಡಿದರು. ಆಗ ಈ ದೇಶದಲ್ಲಿ ವೈನಿಗಾಗಿ ದ್ರಾಕ್ಷಿ ಬೆಳೆಯುವವರೇ ಇಲ್ಲದಂತಾಗಿತ್ತು. ಮಧ್ಯಯುಗದಲ್ಲಿ ತೋಟಗಳಿದ್ದವು, 1086ರ ಡೂಮ್ಸ್‌ಡೇ ಎಂಬ ಜಮೀನು ದಾಖಲೆಯಲ್ಲೇ ಅವುಗಳ ಉಲ್ಲೇಖವಿದೆ, ಆ ಪರಂಪರೆ ಕಡಿದುಹೋಗಿತ್ತು. ಬ್ರಾಕ್ ಯುರೋಪಿನ ಮೂಲೆ ಮೂಲೆಯಿಂದ ನೂರಾರು ತಳಿಗಳ ಕಡ್ಡಿ ತರಿಸಿ, ನೆಟ್ಟು, ಯಾವುದು ಇಲ್ಲಿನ ಚಳಿಯಲ್ಲಿ ಹಣ್ಣಾಗುತ್ತದೆ ಯಾವುದು ಆಗುವುದಿಲ್ಲ ಎಂದು ವರ್ಷಗಟ್ಟಲೆ ಬರೆದಿಟ್ಟರು. ಹೆಚ್ಚಿನವು ಸೋತವು. ಉಳಿದ ಕೆಲವೇ ಹೆಸರುಗಳಲ್ಲಿ ಮ್ಯುಲರ್-ಥುರ್ಗಾವ್ ಒಂದು. 1950ರ ದಶಕದ ಮೊದಲಲ್ಲಿ ಸರ್ ಗೈ ಸ್ಯಾಲಿಸ್‌ಬರಿ-ಜೋನ್ಸ್ ಹ್ಯಾಂಪ್‌ಷೈರ್‌ನ ಹ್ಯಾಂಬಲ್ಡನ್‌ನಲ್ಲಿ ತೋಟ ಹಾಕಿ ಇಂಗ್ಲಿಷ್ ವೈನನ್ನು ಮತ್ತೆ ಮಾರುಕಟ್ಟೆಗೆ ತಂದರು. ಆಮೇಲೆ ಬಂದವರೆಲ್ಲ ಬ್ರಾಕ್ ಕಂಡುಕೊಂಡ ದಾರಿಯಲ್ಲೇ ನಡೆದವರು. ಲಾಭದ ಖಾತ್ರಿಯಿಲ್ಲದೆ ದಶಕಗಳನ್ನು ಬಳ್ಳಿಗಳ ಮಧ್ಯೆ ಕಳೆದ ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ. ಅವರ ಹೆಸರು ಇಲ್ಲಿನ ಎಷ್ಟೋ ವೈನ್‌ಪ್ರಿಯರಿಗೇ ಗೊತ್ತಿಲ್ಲ.

ಪರಿಮಳದ ವಿಷಯಕ್ಕೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಲೋಟವನ್ನು ಮೂಗಿಗೆ ತಂದರೆ ಮೊದಲು ಬರುವುದು ಎಲ್ಡರ್ ಹೂವಿನ ವಾಸನೆ. ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ರಸ್ತೆಬದಿಯ ಬೇಲಿಗಳೆಲ್ಲ ಆ ಬಿಳಿ ಹೂವಿನಿಂದ ತುಂಬಿರುತ್ತವೆ. ಹಿಂದೆಯೇ ಹಸಿರು ಗೂಸ್‌ಬೆರಿ, ಈಗಷ್ಟೇ ಕತ್ತರಿಸಿದ ಹುಲ್ಲು, ಚಕ್ಕೋತದ ಸಿಪ್ಪೆ. ಇವು ಹೆಚ್ಚಾಗಿ ಬ್ಯಾಕಸ್‌ನ ಕೊಡುಗೆ. ಅದರ ಕೆಳಗೆ ಪೀಚ್ ಹಣ್ಣು, ಹೂವಿನ ಮೃದು ಗಂಧ, ಅದು ಓರ್ಟೇಗಾದ್ದು. ಹಣ್ಣಿನ ಈ ಹೂಗಂಧಕ್ಕೆ ಕಾರಣ ಟರ್ಪೀನ್ ಎಂಬ ಸಂಯುಕ್ತಗಳು. ಅವುಗಳಲ್ಲಿ ಮುಖ್ಯವಾದ ಒಂದು ಲಿನಲೂಲ್. ಅದೇ ಲಿನಲೂಲ್ ನಮ್ಮ ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅತಿ ಹೆಚ್ಚಿರುವ ಅಂಶ, ಮಲ್ಲಿಗೆಯಲ್ಲೂ ಇದೆ. ಇನ್ನೊಂದು ಜೆರಾನಿಯಾಲ್, ಗುಲಾಬಿಯಲ್ಲಿರುವುದು. ಸಾರಿನ ಪುಡಿಗೆ ಧನಿಯಾ ಹುರಿಯುವ ಮನೆಯಲ್ಲಿ ಬೆಳೆದ ಮೂಗಿಗೆ ಈ ವೈನ್ ಮೊದಲ ಬಾರಿಗೇ ಪರಿಚಿತ ಅನಿಸಿದರೆ ಆಶ್ಚರ್ಯವಿಲ್ಲ. ನನಗಂತೂ ಹಾಗೇ ಅನಿಸಿತ್ತು, ಕಾರಣ ತಿಳಿದದ್ದು ಆಮೇಲೆ.

ಸೋಜಿಗವೆಂದರೆ ಹಣ್ಣಿನಲ್ಲಿ ಈ ಟರ್ಪೀನ್‌ಗಳ ದೊಡ್ಡ ಪಾಲು ಸಕ್ಕರೆಯ ಅಣುವಿಗೆ ಕಟ್ಟಿಕೊಂಡಿರುತ್ತದೆ, ಆಗ ಅದಕ್ಕೆ ವಾಸನೆಯೇ ಇಲ್ಲ. ಹುಳಿಯುವಾಗ, ಆಮೇಲೆ ವೈನ್ ಸುಮ್ಮನೆ ನಿಂತಾಗ, ಆ ಕಟ್ಟು ಒಂದೊಂದಾಗಿ ಬಿಚ್ಚಿ ಗಂಧ ಹೊರಬರುತ್ತದೆ. ಗೂಸ್‌ಬೆರಿ, ಚಕ್ಕೋತದ ವಾಸನೆಗೆ ಕಾರಣವಾದ ಥಯೋಲ್‌ಗಳದೂ ಇದೇ ಬಗೆ. ರಸದಲ್ಲಿ ಅವು ಮುಚ್ಚಿಕೊಂಡಿರುತ್ತವೆ, ಯೀಸ್ಟ್ ಅವನ್ನು ಬಿಡಿಸುತ್ತದೆ. ಅದಕ್ಕೇ ಹಣ್ಣನ್ನು ತಿಂದು ನೋಡಿ ವೈನಿನ ಘಮವನ್ನು ಪೂರ್ತಿ ಊಹಿಸಲಾಗದು. ಚಿಕ್ಕಪ್ಪನ ಬೆಂಗಳೂರು ಬ್ಲೂ ಹೀಗಲ್ಲ. ಅದು ಅಮೆರಿಕದ ಲ್ಯಾಬ್ರಸ್ಕಾ ಮೂಲದ ರಕ್ತವಿರುವ ದ್ರಾಕ್ಷಿ, ಮೀಥೈಲ್ ಆಂಥ್ರನಿಲೇಟ್ ಎಂಬ ಅಂಶದಿಂದಾಗಿ ಬುಟ್ಟಿಯಲ್ಲಿಟ್ಟರೇ ಮನೆಯೆಲ್ಲ ಘಮ್ಮೆನ್ನುತ್ತದೆ. ಎರಡು ಬಗೆಯ ಪರಿಮಳ, ಎರಡಕ್ಕೂ ಅದರದರ ಅಂದ.

ಚಳಿ ಇಲ್ಲದೆ ಈ ಬಗೆಯ ಘಮ ಉಳಿಯುವುದಿಲ್ಲ. ಹಣ್ಣಾಗುವ ಕಾಲದಲ್ಲಿ ಸೆಖೆಯಿದ್ದರೆ ಬಳ್ಳಿ ತನ್ನ ಹಣ್ಣಿನೊಳಗಿನ ಮ್ಯಾಲಿಕ್ ಆಮ್ಲವನ್ನು ಉಸಿರಾಟದಲ್ಲೇ ಸುಟ್ಟುಹಾಕುತ್ತದೆ. ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ಸೂಕ್ಷ್ಮ ಗಂಧ ಹಾರಿಹೋಗುತ್ತದೆ. ನಂದಿಬೆಟ್ಟದ ತಪ್ಪಲಿನ ವೈನ್ ತೋಟಗಳಲ್ಲಿ ಸಕ್ಕರೆಗೆ ಚಿಂತೆಯಿಲ್ಲ, ಹುಳಿ ಉಳಿಸಿಕೊಳ್ಳುವುದೇ ಸವಾಲು. ಬಿಸಿ ನಾಡುಗಳ ವೈನರಿಗಳು ಟಾರ್ಟಾರಿಕ್ ಆಮ್ಲ ಸೇರಿಸುವುದು ಅದಕ್ಕೇ. ಸರ್ರೆಯಲ್ಲಿ ಹುಳಿಗೆ ಬರವಿಲ್ಲ, ಸಕ್ಕರೆಗೇ ಪರದಾಟ. ಹುಳಿಯಿಸುವ ಮುನ್ನ ರಸಕ್ಕೆ ಒಂದಿಷ್ಟು ಸಕ್ಕರೆ ಬೆರೆಸುವುದು ಉತ್ತರ ಯುರೋಪಿನಲ್ಲಿ ಕಾನೂನೇ ಒಪ್ಪಿದ ಹಳೆಯ ರೂಢಿ. ಸ್ವತಃ ಜರ್ಮನಿಯ ಬೆಚ್ಚಗಿನ ಜಾಗಗಳಲ್ಲಿ ಬ್ಯಾಕಸ್ ಪೂರ್ತಿ ಹಣ್ಣಾದರೆ ಹುಳಿ ಕಳೆದುಕೊಂಡು ಸಪ್ಪೆಯಾಗುತ್ತದೆ, ಅಲ್ಲಿ ಅದಕ್ಕೆ ದೊಡ್ಡ ಮರ್ಯಾದೆಯಿಲ್ಲ. ಇಂಗ್ಲೆಂಡಿನ ನಿಧಾನದ, ತಣ್ಣನೆಯ ಸೆಪ್ಟೆಂಬರ್ ಅದನ್ನು ಎತ್ತಿ ನಿಲ್ಲಿಸಿತು. ತವರಲ್ಲಿ ಸಿಗದ ಮನ್ನಣೆ ಪರದೇಶದಲ್ಲಿ ಸಿಕ್ಕ ಬಳ್ಳಿ ಇದು.

ವೈನರಿಯೊಳಗೂ ಚಳಿಯನ್ನೇ ಮುಂದುವರಿಸುತ್ತಾರೆ. ಮೂರು ತಳಿ ಮೂರು ಹೊತ್ತಿಗೆ ಹದಕ್ಕೆ ಬರುವುದರಿಂದ ಬೇರೆ ಬೇರೆ ದಿನ ಕಟಾವು, ಬೇರೆ ಬೇರೆ ಸ್ಟೀಲ್ ಟ್ಯಾಂಕು. ಹಣ್ಣನ್ನು ಮೆಲ್ಲಗೆ ಹಿಂಡಿ, ರಸ ತಿಳಿಯಾದ ಮೇಲೆ 12ರಿಂದ 16 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಿನಲ್ಲಿ ಎರಡು ಮೂರು ವಾರ ಹುಳಿಯಿಸುತ್ತಾರೆ. ಬಿಸಿಯಾದರೆ ಹುದುಗು ಬೇಗ ಮುಗಿಯುತ್ತದೆ, ಆದರೆ ಏಳುವ ಗಾಳಿಯ ಜೊತೆಗೇ ಪರಿಮಳವೂ ಹೊರಟುಹೋಗುತ್ತದೆ. ಓಕ್ ಮರದ ಪೀಪಾಯಿ ಇಂಥ ವೈನಿಗೆ ಬೇಡ, ಮರದ ವಾಸನೆ ಹೂವನ್ನು ಮುಚ್ಚಿಬಿಡುತ್ತದೆ.

ಮಿಶ್ರಣ ಮಾಡುವುದು ಚಳಿಗಾಲದಲ್ಲಿ. ಮೇಜಿನ ಮೇಲೆ ಪ್ರತಿ ಟ್ಯಾಂಕಿನ ಮಾದರಿ, ಪಕ್ಕದಲ್ಲಿ ಅಳತೆಯ ಗಾಜಿನ ಕೊಳವೆ. ಇದಿಷ್ಟು, ಅದಿಷ್ಟು ಎಂದು ಸುರಿದು, ಮೂಸಿ, ಬಾಯಲ್ಲಾಡಿಸಿ, ಉಗುಳಿ, ಬರೆದುಕೊಂಡು, ಮತ್ತೆ ಬದಲಿಸುತ್ತಾರೆ. ಬ್ಯಾಕಸ್ ಒಂದು ಚೂರು ಹೆಚ್ಚಾದರೆ ಹಸಿರು ವಾಸನೆ ಬೇರೆಲ್ಲವನ್ನೂ ತುಳಿಯುತ್ತದೆ. ಓರ್ಟೇಗಾ ಹೆಚ್ಚಾದರೆ ವೈನ್ ದಪ್ಪಗಾಗಿ ನಾಲಿಗೆಗೆ ಭಾರ. ಬಾಟಲಿಯ ಮೇಲೆ ಒಂದೇ ತಳಿಯ ಹೆಸರು ಹಾಕಬೇಕಿದ್ದರೆ ಒಳಗೆ ಶೇ. 85 ಆದರೂ ಅದೇ ಇರಬೇಕೆಂಬ ನಿಯಮವಿದೆ. ಬ್ಲೆಂಡ್ ಮಾಡುವವರಿಗೆ ಆ ಕಟ್ಟಿಲ್ಲ. ಆ ವರ್ಷದ ಹಣ್ಣು ಏನು ಹೇಳುತ್ತದೋ ಅದನ್ನು ಕೇಳುವ ಸ್ವಾತಂತ್ರ್ಯ ಅವರಿಗಿದೆ. ಒಂದೇ ತಳಿಯ ಬ್ಯಾಕಸ್ ವೈನ್ ಕುಡಿಯುವಾಗ ನನಗೆ ಎಷ್ಟೋ ಸಲ ಮೊದಲ ಗುಟುಕಿನ ಬೆರಗು ಮೂರನೆಯ ಗುಟುಕಿಗೆ ಕರಗುತ್ತದೆ. ಒಳ್ಳೆಯ ಬ್ಲೆಂಡಿನಲ್ಲಿ ಹಾಗಾಗುವುದಿಲ್ಲ, ಒಂದರ ಹಿಂದೆ ಒಂದು ಸರದಿಯಲ್ಲಿ ಮುಂದೆ ಬರುತ್ತವೆ. ಇದು ನನ್ನ ರುಚಿ, ಒಪ್ಪದವರೂ ಇದ್ದಾರೆ. ನಾರ್ಫೋಕ್‌ನ ವಿನ್‌ಬಿರಿ ತೋಟದ 2015ರ ಬ್ಯಾಕಸ್ 2017ರ ಡಿಕ್ಯಾಂಟರ್ ವೈನ್ ಸ್ಪರ್ಧೆಯಲ್ಲಿ ಅತ್ಯುನ್ನತ ಪ್ರಶಸ್ತಿ ಪಡೆದದ್ದು ಒಂದೇ ತಳಿಯ ಪರ ವಾದಿಸುವವರಿಗೆ ಬಲವಾದ ಸಾಕ್ಷಿ, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಇಂಥ ಬ್ಲೆಂಡ್‌ಗಳಿಗೆ ಹೆಸರು ಕೆಟ್ಟದ್ದಕ್ಕೂ ಒಂದು ಇತಿಹಾಸವಿದೆ. 1970, 80ರ ದಶಕಗಳಲ್ಲಿ ಇಲ್ಲಿನವರು ಜರ್ಮನ್ ಪದ್ಧತಿಯನ್ನು ಅನುಸರಿಸಿ, ಹುಳಿಯದ ದ್ರಾಕ್ಷಿರಸವನ್ನು ಎತ್ತಿಟ್ಟುಕೊಂಡು ಕೊನೆಗೆ ವೈನಿಗೆ ಬೆರೆಸಿ ಸಿಹಿ ಮಾಡುತ್ತಿದ್ದರು. ತೀಕ್ಷ್ಣವಾದ ಹುಳಿಯನ್ನು ಮರೆಸಲು ಅದು ಬೇಕಿತ್ತು. ಕಾಲ ಬದಲಾಗಿ ಜನ ಸಿಹಿಯಿಲ್ಲದ ವೈನ್ ಕಡೆ ವಾಲಿದಾಗ ಆ ಬಗೆಯದ್ದೆಲ್ಲ ಹಳೇ ಫ್ಯಾಷನ್ ಅನಿಸಿಕೊಂಡಿತು. ಜೊತೆಗೆ ಹೊರದೇಶದ ದ್ರಾಕ್ಷಿರಸದ ಪಾಕವನ್ನು ತಂದು ಇಲ್ಲಿ ಹುಳಿಯಿಸಿ ಬ್ರಿಟಿಷ್ ವೈನ್ ಎಂದು ಮಾರುವ ವ್ಯಾಪಾರವೂ ನಡೆದಿತ್ತು. ಅಗ್ಗದ ಆ ಸರಕನ್ನೂ ಇಲ್ಲಿನ ಮಣ್ಣಲ್ಲಿ ಬೆಳೆದ ಇಂಗ್ಲಿಷ್ ವೈನನ್ನೂ ಜನ ಒಂದೇ ಎಂದು ತಿಳಿದರು. ಅಷ್ಟರಲ್ಲಿ ಸಸೆಕ್ಸ್‌ನ ನೈಟಿಂಬರ್‌ನಲ್ಲಿ ಅಮೆರಿಕದ ದಂಪತಿ ಸ್ಟುವರ್ಟ್ ಮತ್ತು ಸ್ಯಾಂಡಿ ಮಾಸ್ 1988ರಲ್ಲಿ ಷಾರ್ಡೊನೆ, ಪಿನೊ ನ್ವಾರ್, ಮ್ಯೂನ್ಯೇ ನೆಟ್ಟು ಶಾಂಪೇನ್ ಮಾದರಿಯ ವೈನ್ ಮಾಡಿ ಎಲ್ಲರ ಕಣ್ಣು ತಮ್ಮ ಕಡೆ ತಿರುಗಿಸಿದರು. ಅಲ್ಲಿಂದ ಗಾಳಿ ಒಂದೇ ದಿಕ್ಕಿಗೆ ಬೀಸಿತು. ಈಗ ದೇಶದಲ್ಲಿ ದ್ರಾಕ್ಷಿ ಬೆಳೆಯುವ ಜಾಗ 4,000 ಹೆಕ್ಟೇರ್ ದಾಟಿದೆ, ಅದರ ಬಹುಪಾಲು ಆ ಮೂರು ಫ್ರೆಂಚ್ ತಳಿಗಳದ್ದು. ನಾಲ್ಕನೆಯ ಸ್ಥಾನದಲ್ಲಿ ಬ್ಯಾಕಸ್ ನಿಂತಿದೆ. ಒಂದು ಕಾಲಕ್ಕೆ ಮೊದಲ ಸ್ಥಾನದಲ್ಲಿದ್ದ ಮ್ಯುಲರ್-ಥುರ್ಗಾವ್ ಮೂಲೆಗೆ ಸರಿದಿದೆ. ಹಳೆಯ ಸಾಲುಗಳನ್ನು ಕಿತ್ತು ಷಾರ್ಡೊನೆ ಹಾಕುವುದು ನಡೆದೇ ಇದೆ.

ಬೆಳೆಗಾರರನ್ನು ನಾನು ದೂರುವುದಿಲ್ಲ. ಒಂದು ಬಾಟಲಿ ಸ್ಪಾರ್ಕ್ಲಿಂಗ್‌ಗೆ ಸಿಗುವ ಬೆಲೆ ಈ ಸಾದಾ ವೈನಿಗಿಂತ ಎಷ್ಟೋ ಹೆಚ್ಚು, ಕೂಲಿ, ಜಮೀನು ಎಲ್ಲ ದುಬಾರಿ. ಆದರೆ ಲೆಕ್ಕದ ಇನ್ನೊಂದು ಬದಿಯೂ ಇದೆ. ಸ್ಪಾರ್ಕ್ಲಿಂಗ್ ವೈನ್ ಬಾಟಲಿಯಲ್ಲೇ ವರ್ಷಗಟ್ಟಲೆ ಮಲಗಬೇಕು, ದುಡ್ಡು ಅಷ್ಟು ಕಾಲ ನೆಲಮಾಳಿಗೆಯಲ್ಲಿ ಕೂತಿರುತ್ತದೆ. ಪರಿಮಳದ ಬಿಳಿ ವೈನ್ ಅಕ್ಟೋಬರ್‌ನಲ್ಲಿ ಕಿತ್ತ ಹಣ್ಣಿಂದ ಮುಂದಿನ ಬೇಸಿಗೆಗೆ ಮಾರಾಟಕ್ಕೆ ಸಿದ್ಧ. ಸಣ್ಣ ತೋಟವೊಂದು ಮೊದಲ ವರ್ಷಗಳಲ್ಲಿ ಉಸಿರಾಡುವುದು ಇದರಿಂದಲೇ. 2023ರಂಥ ವರ್ಷದ ಬೆನ್ನಿಗೇ 2024ರಂಥ ವರ್ಷ ಬರುವ ನಾಡಿನಲ್ಲಿ, ಬೇರೆ ಬೇರೆ ಹೊತ್ತಿಗೆ ಹೂಬಿಟ್ಟು ಬೇರೆ ಬೇರೆ ಹೊತ್ತಿಗೆ ಹಣ್ಣಾಗುವ ಬಳ್ಳಿಗಳನ್ನು ತೆಗೆದುಹಾಕುವುದು ನನಗೆ ಸರಿಕಾಣುವುದಿಲ್ಲ.

ಸಮಾಧಾನದ ಸಂಗತಿಯೆಂದರೆ ಹೊಸ ತಳಿಗಳು ಅದೇ ಪಾತ್ರಕ್ಕೆ ಬರುತ್ತಿವೆ. ಸೋಲಾರಿಸ್ ಅನ್ನುವುದು 1975ರಲ್ಲಿ ಜರ್ಮನಿಯ ಫ್ರೈಬುರ್ಗ್‌ನಲ್ಲಿ ಮಾಡಿದ ಅಡ್ಡತಳಿ. ಶಿಲೀಂಧ್ರ ರೋಗಗಳಿಗೆ ಸುಲಭವಾಗಿ ಬಗ್ಗುವುದಿಲ್ಲ, ಔಷಧಿ ಸಿಂಪಡಣೆ ಬಹಳ ಕಡಿಮೆ ಸಾಕು, ಬೇಗ ಹಣ್ಣಾಗುತ್ತದೆ, ಪರಿಮಳವೂ ಚೆನ್ನಾಗಿದೆ. ಇದರ ಪೂರ್ವಜರಲ್ಲಿ ಮಸ್ಕಟ್ ದ್ರಾಕ್ಷಿಯೂ ಇದೆ. ಇಂಗ್ಲೆಂಡಿನಲ್ಲಷ್ಟೇ ಅಲ್ಲ, ಡೆನ್ಮಾರ್ಕ್, ಸ್ವೀಡನ್‌ಗಳಲ್ಲೂ ಇದನ್ನು ಬೆಳೆಯುತ್ತಿದ್ದಾರೆ. ಬ್ಯಾಕಸ್ ಜೊತೆ ಸೋಲಾರಿಸ್ ಬೆರೆಸಿದ ವೈನ್ ಕಂಡರೆ ನಾನು ಬಿಡದೆ ಕೊಳ್ಳುತ್ತೇನೆ.

ಕುಡಿಯುವವರಿಗೆ ಒಂದೆರಡು ಮಾತು. ಇದನ್ನು ಕೂಡಿಡಬೇಡಿ, ಕಟಾವಾದ ಎರಡು ವರ್ಷದೊಳಗೆ ಮುಗಿಸಿ, ಹೂವಿನ ಘಮ ಅಲ್ಲಿಯವರೆಗೇ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಡಿ, ತೀರಾ ತಣ್ಣಗಿದ್ದರೆ ಮೂಗಿಗೆ ಏನೂ ಸಿಗುವುದಿಲ್ಲ. ಇಲ್ಲಿನವರು ವಸಂತದಲ್ಲಿ ಬರುವ ಆಸ್ಪರಾಗಸ್, ಏಡಿ, ಮೇಕೆ ಹಾಲಿನ ಚೀಸ್ ಜೊತೆ ಕುಡಿಯುತ್ತಾರೆ, ಮೂರೂ ಸೊಗಸಾಗಿ ಹೊಂದುತ್ತವೆ. ನಮ್ಮ ಮನೆಯಲ್ಲಿ ಹೆಸರುಬೇಳೆ ಕೋಸಂಬರಿಗೆ ನಿಂಬೆಹಣ್ಣು ಹಿಂಡಿ, ಕೊತ್ತಂಬರಿ ಸೊಪ್ಪು ಧಾರಾಳವಾಗಿ ಹಾಕಿ ಇದರ ಪಕ್ಕದಲ್ಲಿಡುತ್ತೇವೆ. ನೀರುದೋಸೆ ಮತ್ತು ತೆಂಗಿನ ಹಾಲಿನ ಮೀನುಸಾರಿಗಂತೂ ಸರ್ರೆ ಗೋಲ್ಡ್‌ನ ಆ ತುಸು ಸಿಹಿಯೇ ಬೇಕು, ಸಿಹಿಯೇ ಇಲ್ಲದ ವೈನ್ ಮೆಣಸಿನ ಖಾರದ ಮುಂದೆ ಕಹಿಯಾಗಿಬಿಡುತ್ತದೆ. ಮೆಣಸಿನಕಾಯಿ ಹೆಚ್ಚು ಬಿದ್ದ ದಿನ ಮಾತ್ರ ವೈನ್ ಬಿಟ್ಟು ಮಜ್ಜಿಗೆ ಕುಡಿಯಿರಿ.